ಐದಕ್ಕೆ ಐದೂ ತಗುಲಿದೆ, ಪೂರ್ತಿ ಅಂಕ ಕೊಡಬಹುದೇ?

ಪ್ರಶ್ನೆ: ಸರ್, ರೇಡಾರ್, ಲಾಂಚರ್, ಕ್ಷಿಪಣಿ ಎಲ್ಲ ಸೇರಿದ ವಾಯುರಕ್ಷಣಾ ವ್ಯವಸ್ಥೆಯ ಒಟ್ಟು ಪರಿಣಾಮವನ್ನು ಒಂದೇ ಅಂಕಿಯಲ್ಲಿ ಹೇಳುವುದು ಹೇಗೆ? ಅಭ್ಯಾಸದ ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ಸರಾಸರಿ 200 ಗಂಟೆಗೊಮ್ಮೆ ಕೆಡುತ್ತದೆ, ರಿಪೇರಿಗೆ 4 ಗಂಟೆ, ಕಾರ್ಯಾಚರಣೆ 10 ಗಂಟೆ, ಒಂದು ಕ್ಷಿಪಣಿ ಗುರಿ ಹೊಡೆಯುವ ಸಂಭವ 0.7, ಗುರಿಗೆ ಎರಡು ಕ್ಷಿಪಣಿ.

ಉತ್ತರ: ಮೂರು ಸಂಭವಗಳನ್ನು ಗುಣಿಸಬೇಕು. ಕರೆದಾಗ ಸಿದ್ಧವಿದೆಯೇ, ಕೊನೆತನಕ ಕೆಡದೆ ನಡೆಯುತ್ತದೆಯೇ, ನಡೆದರೆ ಗುರಿ ಹೊಡೆಯುತ್ತದೆಯೇ. 1960ರ ದಶಕದಲ್ಲಿ ಅಮೆರಿಕದ ವಾಯುಪಡೆಗಾಗಿ ರೂಪಿಸಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಹೆಚ್ಚಿನವರು ಎಡವುವುದು ಮೊದಲನೆಯದರಲ್ಲೇ. 200 ಭಾಗಿಸು 204 ಮಾಡಿ 0.98 ಎಂದು ಬರೆದುಬಿಡುತ್ತಾರೆ. ಅದು ಬಿಡಿಭಾಗ ಕೈಯಲ್ಲೇ ಇದ್ದಾಗಿನ ಅಂಕಿ. ಬಿಡಿಭಾಗಕ್ಕೆ ಸರಾಸರಿ 36 ಗಂಟೆ ಕಾಯಬೇಕಾದರೆ ಅದು 200 ಭಾಗಿಸು 240, ಅಂದರೆ 0.83. 10 ಗಂಟೆ ಕೆಡದೆ ನಡೆಯುವ ಸಂಭವ 0.95 (ಕೆಡುವ ದರ ಸ್ಥಿರ ಎಂದುಕೊಂಡರೆ). ಎರಡರಲ್ಲಿ ಒಂದಾದರೂ ತಗುಲುವ ಸಂಭವ 1 ಕಳೆ 0.3 ಗುಣಿಸು 0.3, ಅಂದರೆ 0.91. ಮೂರನ್ನೂ ಗುಣಿಸಿದರೆ ಸುಮಾರು 0.72. ಕಾಯುವ ಸಮಯ ಮರೆತಿದ್ದರೆ 0.85 ಬರುತ್ತಿತ್ತು. ಆ ಅಂತರವೆಲ್ಲ ಉಗ್ರಾಣದ್ದು, ಕ್ಷಿಪಣಿಯದ್ದಲ್ಲ!

ಇನ್ನೊಂದು ಮಾತು. 0.91 ನಿಜವಾಗಬೇಕಾದರೆ ಎರಡು ಹೊಡೆತಗಳೂ ಒಂದಕ್ಕೊಂದು ಸಂಬಂಧವಿಲ್ಲದೆ ತಪ್ಪಬೇಕು. ರೇಡಾರ್ ಗುರಿಯ ಜಾಗವನ್ನೇ ತಪ್ಪು ತೋರಿಸಿದರೆ ಎರಡೂ ಒಟ್ಟಿಗೇ ತಪ್ಪುತ್ತವೆ. ಪ್ರತಿ ಸಲ ಹಾಗೆ ಜೊತೆಯಾಗಿಯೇ ತಪ್ಪುವುದಾದರೆ 0.91ರ ಜಾಗಕ್ಕೆ 0.7 ಬರುತ್ತದೆ, ಒಟ್ಟು 0.55ಕ್ಕೆ ಇಳಿಯುತ್ತದೆ. ವರದಿಯಲ್ಲಿ ಎರಡು ಅಂಕಿಗಳನ್ನೂ ಕೊಡಿ.

ಪ್ರಶ್ನೆ: ಪರೀಕ್ಷೆಯಲ್ಲಿ ಹಾರಿಸಿದ ಐದೂ ತಗುಲಿದ್ದರೆ 0.7ರ ಬದಲು 1 ಹಾಕಬಹುದಲ್ಲವೇ?

ಉತ್ತರ: ಬೇಡ. ಐದಕ್ಕೆ ಐದು ತಗುಲಿದರೆ 90% ವಿಶ್ವಾಸದಿಂದ (ಹತ್ತರಲ್ಲಿ ಒಂಬತ್ತು ಸಲ ಸರಿಯಾಗುವ ವಿಧಾನದಲ್ಲಿ) ಹೇಳಬಹುದಾದದ್ದು ಇಷ್ಟೇ: ಸಂಭವ ಕನಿಷ್ಠ 0.63. 0.9 ಎಂದು ಅದೇ ವಿಶ್ವಾಸದಲ್ಲಿ ಹೇಳಲು ಒಂದೂ ತಪ್ಪದೆ 22 ಹೊಡೆತ ಬೇಕು, ಒಂದು ತಪ್ಪಿದರೆ 38. ಕ್ಷಿಪಣಿ ದುಬಾರಿ, ಅಷ್ಟು ಹಾರಿಸಲು ಆಗುವುದಿಲ್ಲ. ಹಾಗಾಗಿ ಸಿಮ್ಯುಲೇಷನ್ (ಕಂಪ್ಯೂಟರಿನಲ್ಲೇ ಹಾರಿಸಿ ನೋಡುವುದು) ಮಾಡುತ್ತಾರೆ. ಆದರೆ ನಿಜವಾದ ಹಾರಾಟದ ಫಲಿತಾಂಶದ ಜೊತೆ ತಾಳೆ ನೋಡದ ಸಿಮ್ಯುಲೇಷನ್ ಅಂಕಿಯನ್ನು ಇದೇ ಲೆಕ್ಕದಲ್ಲಿ ಬೆರೆಸಬೇಡಿ. ಪರೀಕ್ಷೆಯ ಗುರಿ ನೇರವಾಗಿ, ಒಂದೇ ಎತ್ತರದಲ್ಲಿ, ಜಾಮಿಂಗ್ (ರೇಡಾರ್ ಸಂಕೇತ ಕೆಡಿಸುವುದು) ಇಲ್ಲದೆ ಹಾರಿತ್ತೇ ಎಂಬುದನ್ನೂ ಬರೆಯಿರಿ.

ಇನ್ನೊಬ್ಬರ ಪ್ರಶ್ನೆ: ಇಷ್ಟೆಲ್ಲ ಯಾಕೆ? ಎಷ್ಟು ಶತ್ರು ವಿಮಾನ ಬಿತ್ತು ಎಂದು ಎಣಿಸಿದರೆ ಸಾಲದೇ?

ಉತ್ತರ: ವ್ಯವಸ್ಥೆ ಏನನ್ನು ಕಾಯಲು ಇದೆ ಎಂಬುದರ ಮೇಲೆ ಅದು ನಿಂತಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವ್ಯಾಪಾರಿ ಹಡಗುಗಳಿಗೆ ವಿಮಾನ ನಿರೋಧಕ ತೋಪು ಕೂರಿಸಿದಾಗ, ದಾಳಿಗೆ ಬಂದ ವಿಮಾನಗಳಲ್ಲಿ ಬಿದ್ದದ್ದು ಬರೀ 4% ಆಸುಪಾಸು. ತೋಪು ತೆಗೆದುಬಿಡೋಣ ಎಂಬ ಮಾತೂ ಬಂತು. ಹಡಗುಗಳನ್ನು ಎಣಿಸಿದಾಗ ಚಿತ್ರವೇ ಬೇರೆ: ದಾಳಿಗೊಳಗಾದವುಗಳಲ್ಲಿ ತೋಪು ಹಾರಿಸಿದವು ಮುಳುಗಿದ್ದು ಸುಮಾರು 10%, ಹಾರಿಸದವು 25%. ಗುಂಡು ತಗುಲದಿದ್ದರೂ ಪೈಲಟ್‌ನ ಗುರಿ ತಪ್ಪುತ್ತಿತ್ತು.