ಪ್ಲುಮಾಟೆಲ್ಲಾ ಲಾರ್ವಾ ರಾತ್ರೋರಾತ್ರಿ ಕಾಣೆ, ಸತ್ತವಾ?

ಕೆರೆದಂಡೆ: ಕೆರೆಯಿಂದ ತಂದ ಕಡ್ಡಿಯ ಮೇಲೆ ಬ್ರಯೋಜೋವ (ಗುಂಪಾಗಿ ಅಂಟಿಕೊಂಡು ಬೆಳೆಯುವ ಪುಟ್ಟ ನೀರುಪ್ರಾಣಿಗಳು) ಹಬ್ಬಿದೆ. ಕಂದು ಕೊಳವೆಗಳು, ತುದಿಯಲ್ಲಿ ಲಾಳದ ಆಕಾರದ ಎಳೆಗಳ ಗೊಂಚಲು. ಪ್ಲುಮಾಟೆಲ್ಲಾ ಇರಬೇಕು. ನಿನ್ನೆ ಡಿಶ್‌ನಲ್ಲಿ ಬಿಳಿ ಲಾರ್ವಾಗಳು ಈಜುತ್ತಿದ್ದವು, ಒಳಗೆ ಎರಡೆರಡು ಮಸುಕು ಚುಕ್ಕೆ. ಯೀಸ್ಟ್ ನೀರು ಕೊಟ್ಟು ಏರ್ ಪಂಪ್ ಹಾಕಿದೆ. ಬೆಳಿಗ್ಗೆ ಒಂದೂ ಇಲ್ಲ. ಬೇರೆ ಆಹಾರ ಕೊಡಬೇಕಾ?

ನೀರ್ಗನ್ನಡಿ: ಏನೂ ಕೊಡಬೇಡಿ, ಈ ಲಾರ್ವಾ ತಿನ್ನುವುದೇ ಇಲ್ಲ. ಸಮುದ್ರದ ಬ್ರಯೋಜೋವ ಮೆಂಬ್ರಾನಿಪೊರಾದ ಲಾರ್ವಾ ವಾರಗಟ್ಟಲೆ ತೇಲುತ್ತಾ ಪಾಚಿ ತಿನ್ನುತ್ತದೆ. ಅದಕ್ಕೆ ಆಹಾರ ಕೊಡುವ ಸಲಹೆ ಇಲ್ಲಿ ನಡೆಯಲ್ಲ. ಪ್ಲುಮಾಟೆಲ್ಲಾದ ಭ್ರೂಣ ತಾಯಿಯ ದೇಹದೊಳಗಿನ ಚೀಲದಲ್ಲೇ ಬೆಳೆಯುತ್ತದೆ. ನೀವು ನೋಡಿದ ಆ ಎರಡು ಚುಕ್ಕೆಗಳೇ ಪಾಲಿಪೈಡ್‌ಗಳು, ಅಂದರೆ ಕರುಳು, ಎಳೆಗಳ ಗೊಂಚಲು ಎಲ್ಲ ಆಗಲೇ ತಯಾರು. ಗಂಟುಮೂಟೆ ಕಟ್ಟಿಕೊಂಡೇ ಹೊರಟ ಸಂಸಾರ ಅದು! ಮೈಮೇಲಿನ ಸಿಲಿಯಾ (ಸೂಕ್ಷ್ಮ ರೋಮಗಳ) ಹೊದಿಕೆ ಈಜೋಕಷ್ಟೇ.

ಕೆಲವು ಗಂಟೆ, ಹೆಚ್ಚೆಂದರೆ ಒಂದು ದಿನ ಈಜುತ್ತದೆ. ಆಮೇಲೆ ಮುಂದಿನ ತುದಿಯಿಂದ ಅಂಟಿಕೊಳ್ಳುತ್ತದೆ. ಹೊದಿಕೆ ಕೆಳಗೆ ಸರಿದು ಒಳಗೆ ಸೇರಿ ಕರಗುತ್ತದೆ, ಎರಡೂ ಗೊಂಚಲು ಹೊರಗೆ ಬರುತ್ತವೆ. ಹಾಗಾಗಿ ಡಿಶ್‌ನ ಗೋಡೆ, ತಳ ಲೆನ್ಸ್‌ನಲ್ಲಿ ಹುಡುಕಿ. ಪಂಪ್ ನಿಲ್ಲಿಸಿ. ಯೀಸ್ಟ್ ಜಾಸ್ತಿಯಾದರೆ ನೀರು ಕೆಡುತ್ತದೆ, ಕೆರೆ ನೀರಿಗೇ ಬದಲಾಯಿಸಿ. ಕ್ಲೋರಿನ್ ಇರುವ ನಲ್ಲಿ ನೀರು ಬೇಡವೇ ಬೇಡ.

ಕೆರೆದಂಡೆ: ಸಿಕ್ಕವು ಸಾರ್! ಗೋಡೆಯ ಮೇಲೆ ಜೋಡಿ ಜೋಡಿಯಾಗಿ ಇವೆ. ಮುಂದೆ ಸಾಕೋದು ಹೇಗೆ? ನೀರಿನ ಮೇಲೆ ಕಂದು ಬಿಲ್ಲೆಗಳೂ ತೇಲುತ್ತಿವೆ, ಅವೂ ಲಾರ್ವಾನಾ?

ನೀರ್ಗನ್ನಡಿ: ಅಲ್ಲ, ಅವು ಸ್ಟ್ಯಾಟೊಬ್ಲಾಸ್ಟ್. ಗಂಡು-ಹೆಣ್ಣಿನ ಕೂಡುವಿಕೆ ಇಲ್ಲದೆ ಆಗುವ ಗಟ್ಟಿ ಮೊಗ್ಗುಗಳು. ಒಣಗಿದರೂ ಬದುಕುತ್ತವೆ, ಒಂದಿಷ್ಟು ಎತ್ತಿಡಿ. ಈ ಜೋಡಿಗಳು ಅಂಟಿರುವ ಡಿಶ್ಶನ್ನು ದೊಡ್ಡ ಪಾತ್ರೆಯಲ್ಲಿ ಬೋರಲು ಹಾಕಿ, ಪ್ರಾಣಿಗಳು ಕೆಳಮುಖವಾಗಿ ನೇತಾಡಲಿ. ಕಸ, ಹಿಕ್ಕೆ ಮೈಮೇಲೆ ಕೂರಲ್ಲ. ಊಟಕ್ಕೆ ಮೀನಿನ ತೊಟ್ಟಿಯ ಹಳೇ ನೀರು ಆಗಾಗ ಹಾಕಿ, ಅದರ ಸೂಕ್ಷ್ಮಜೀವಿಗಳೇ ಸಾಕು.

ಗಪ್ಪಿಮನೆ: ನಡುವೆ ಒಂದು ಮಾತು. ಕಡ್ಡಿಯಲ್ಲಿ ಜೆಲ್ಲಿ ಥರದ ಸಣ್ಣ ಮುದ್ದೆಗಳಿದ್ದರೆ ಮೀನಿನ ತೊಟ್ಟಿಗೆ ಹಾಕಬೇಡಿ. ಲೋಫೊಪೊಡೆಲ್ಲಾ ಅನ್ನೋ ಇನ್ನೊಂದು ಬ್ರಯೋಜೋವ ಆಗಿರಬಹುದು. ಸುಮ್ನೆ ಇದ್ದರೆ ತೊಂದರೆ ಇಲ್ಲ. ಜಜ್ಜಿಹೋದರೆ ಅದರ ರಸ ಮೀನಿನ ಕಿವಿರು ಕೆಡಿಸಿ ಕೊಲ್ಲುತ್ತದೆ.