ಸಹಾಯ ಬೇಕು: ಥಿನ್ ಕ್ಲೈಂಟ್‌ಗೆ ಜೋಡಿಸಿದ ಫೋನ್ ವರ್ಚುವಲ್ ಡೆಸ್ಕ್‌ಟಾಪ್‌ನಿಂದ ಕಾಣೆಯಾಗುತ್ತಿದೆ

ಎಲ್ಲರಿಗೂ ನಮಸ್ಕಾರ.

ನಮ್ಮ ಕಂಪನಿಯ ಪರೀಕ್ಷಾ ಕೇಂದ್ರದಲ್ಲಿ ಹಳೆಯ ಕಂಪ್ಯೂಟರ್‌ಗಳ ಬದಲಿಗೆ ಥಿನ್ ಕ್ಲೈಂಟ್‌ಗಳನ್ನು (ಕೆಲಸವೆಲ್ಲ ಸರ್ವರ್‌ನಲ್ಲಿ ನಡೆದು, ಅದರ ಪರದೆಯನ್ನಷ್ಟೇ ತೋರಿಸುವ ಸಣ್ಣ ಯಂತ್ರಗಳು) ಅಳವಡಿಸಿದ್ದೇವೆ. ಪ್ರತಿಯೊಬ್ಬ ಪರೀಕ್ಷಕರಿಗೂ ಸರ್ವರ್‌ನಲ್ಲಿರುವ ವಿಂಡೋಸ್ ವರ್ಚುವಲ್ ಯಂತ್ರವೊಂದು (ಅಂದರೆ ವರ್ಚುವಲ್ ಡೆಸ್ಕ್‌ಟಾಪ್) ಸಿಗುತ್ತದೆ; ಲಾಗ್‌ಆಫ್ ಆದೊಡನೆ ಅದು ಮೂಲ ಇಮೇಜ್‌ನ (ಮೊದಲೇ ಸಿದ್ಧಪಡಿಸಿಟ್ಟ ಪ್ರತಿಯ) ಸ್ಥಿತಿಗೆ ಮರಳುತ್ತದೆ. ಹಿಂದಿನ ಪರೀಕ್ಷೆಯ ಕುರುಹೇ ಇಲ್ಲದ ಪರಿಸರ ಪ್ರತಿ ಸಲವೂ ದೊರೆಯುವುದರಿಂದ ಈ ವ್ಯವಸ್ಥೆಯನ್ನು ಕೈಬಿಡಲು ನನಗೆ ಮನಸ್ಸಿಲ್ಲ.

ಕೀಬೋರ್ಡ್, ಸ್ಕ್ಯಾನರ್‌ಗಳಿಂದ ತೊಂದರೆಯಿಲ್ಲ. ಆದರೆ ಆಂಡ್ರಾಯ್ಡ್ ಫೋನನ್ನು ಥಿನ್ ಕ್ಲೈಂಟ್‌ಗೆ ಜೋಡಿಸಿ ಎಡಿಬಿ (ಕಂಪ್ಯೂಟರ್‌ನಿಂದ ಆಂಡ್ರಾಯ್ಡ್ ಫೋನಿಗೆ ಆದೇಶ ಕಳುಹಿಸುವ ತಂತ್ರಾಂಶ) ಮೂಲಕ ಪರೀಕ್ಷೆ ನಡೆಸುತ್ತಿರುವಾಗ, ಫೋನ್ ರೀಬೂಟ್ ಆಗಿ ಫಾಸ್ಟ್‌ಬೂಟ್ ಸ್ಥಿತಿಗೆ (ಆಂಡ್ರಾಯ್ಡ್ ಆರಂಭವಾಗುವ ಮೊದಲೇ ಕಂಪ್ಯೂಟರ್‌ನಿಂದ ಆದೇಶ ಪಡೆಯುವ ಸ್ಥಿತಿ) ಹೋದ ಕೂಡಲೇ ಅದು ಸೆಷನ್‌ನಿಂದ ಮಾಯವಾಗುತ್ತದೆ, ಸ್ಕ್ರಿಪ್ಟ್ ಅಲ್ಲಿಯೇ ನಿಂತುಬಿಡುತ್ತದೆ. ಕೇಬಲ್ ಕಿತ್ತು ಮತ್ತೆ ಚುಚ್ಚಿ, ಮೆನುವಿನಲ್ಲಿ ಕೈಯಾರೆ ಆಯ್ದುಕೊಂಡರೆ ಮಾತ್ರ ಮರಳಿ ಕಾಣಿಸುತ್ತದೆ. ರಾತ್ರಿಯಿಡೀ ಯಾರ ನೆರವೂ ಇಲ್ಲದೆ ನಡೆಯಬೇಕಾದ ಪರೀಕ್ಷೆಗಳಿಗೆ ಇದರಿಂದ ದೊಡ್ಡ ಅಡ್ಡಿಯಾಗಿದೆ. ಫಾಸ್ಟ್‌ಬೂಟ್‌ನಲ್ಲಿ ಫೋನಿನ ಪ್ರಾಡಕ್ಟ್ ಐಡಿ (ಸಾಧನದ ಮಾದರಿಯನ್ನು ಸೂಚಿಸುವ ಯುಎಸ್‌ಬಿ ಸಂಖ್ಯೆ) ಬದಲಾಗುವುದರಿಂದ, ಥಿನ್ ಕ್ಲೈಂಟ್‌ಗೆ ಜೋಡಿಸಿದ ಸಾಧನವನ್ನು ವರ್ಚುವಲ್ ಯಂತ್ರಕ್ಕೆ ತಲುಪಿಸುವ ಯುಎಸ್‌ಬಿ ರೀಡೈರೆಕ್ಷನ್ ಅದನ್ನು ಬೇರೆಯೇ ಸಾಧನವೆಂದು ಪರಿಗಣಿಸುತ್ತಿದೆ ಎಂದು ನನಗೆ ಅನ್ನಿಸುತ್ತದೆ.

ಪ್ರಾಡಕ್ಟ್ ಐಡಿಯನ್ನು ಬಿಟ್ಟು ಕೇವಲ ವೆಂಡರ್ ಐಡಿಯ (ತಯಾರಕರನ್ನು ಸೂಚಿಸುವ ಸಂಖ್ಯೆಯ) ಆಧಾರದ ಮೇಲೆ ಸಾಧನವು ತಾನಾಗಿಯೇ ಜೋಡಣೆಯಾಗುವಂತೆ ನಿಯಮ ಬರೆದು ಯಶಸ್ವಿಯಾದವರು ಇದ್ದೀರಾ? ಅಥವಾ ಫೋನ್‌ಗಳನ್ನೆಲ್ಲ ಒಂದು ಪ್ರತ್ಯೇಕ ಭೌತಿಕ ಯಂತ್ರಕ್ಕೆ ಜೋಡಿಸಿ, ಅದರ ಎಡಿಬಿ ಸರ್ವರ್‌ಗೆ 5037ನೇ ಪೋರ್ಟ್ ಮೂಲಕ ವರ್ಚುವಲ್ ಡೆಸ್ಕ್‌ಟಾಪ್‌ಗಳಿಂದ ಸಂಪರ್ಕಿಸುವುದು ಉತ್ತಮವೇ? ಹಾಗೆ ಮಾಡಿದರೆ ಫಾಸ್ಟ್‌ಬೂಟ್ ಆದೇಶಗಳನ್ನು ಆ ಯಂತ್ರದಲ್ಲೇ ಚಲಾಯಿಸಬೇಕಾಗುತ್ತದೆ. ಆ ಪೋರ್ಟ್‌ಗೆ ಯಾವುದೇ ದೃಢೀಕರಣವಿಲ್ಲದ ಕಾರಣ ಪ್ರತ್ಯೇಕ ವಿಎಲ್ಯಾನ್ (ಜಾಲದೊಳಗೆ ಬೇರ್ಪಡಿಸಿದ ಉಪಜಾಲ) ಕೂಡ ಬೇಕಾಗುತ್ತದೆ. ಇಂತಹ ಏರ್ಪಾಡನ್ನು ನಿರ್ವಹಿಸಿದವರು ತಮ್ಮ ಸಂರಚನೆಯನ್ನು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.