ಫಸ್ಟ್ ಪಿಯುಸಿ ಕಂಪ್ಯೂಟರ್ ಸೈನ್ಸ್: ಬೈನರಿ, ಆಕ್ಟಲ್ ಲೆಕ್ಕ ಹೇಗೆ ಅಭ್ಯಾಸ ಮಾಡಲಿ?

ಆಲೂರು ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಫಸ್ಟ್ ಪಿಯುಸಿ, ಪಿಸಿಎಂಸಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮುಂದಿನ ವಾರ ಕಂಪ್ಯೂಟರ್ ಸೈನ್ಸ್ ಟೆಸ್ಟ್ ಇದೆ. ಡೇಟಾ ರೆಪ್ರೆಸೆಂಟೇಶನ್ ಪಾಠದ್ದೇ ಜಾಸ್ತಿ ಬರುತ್ತದೆ ಎಂದು ಹೇಳಿದ್ದಾರೆ.

1930 ಅನ್ನು ಬೈನರಿಗೆ, ಅಂದರೆ 0 ಮತ್ತು 1 ಮಾತ್ರ ಇರುವ ಬೇಸ್ 2ಕ್ಕೆ, ತಂದರೆ 11110001010. ಇಷ್ಟರವರೆಗೆ ನನಗೂ ಗೆಳತಿಗೂ ಒಂದೇ ಉತ್ತರ. ಅದನ್ನೇ ಆಕ್ಟಲ್‌ಗೆ (ಬೇಸ್ 8) ತಂದಾಗ ಒಬ್ಬರಿಗೆ 7422, ಇನ್ನೊಬ್ಬರಿಗೆ 3612. ಇಬ್ಬರೂ ಮೂರು ಮೂರು ಬಿಟ್ (ಒಂದೊಂದು 0 ಅಥವಾ 1) ಗುಂಪು ಮಾಡಿದ್ದೇವೆ. ಯಾವುದು ಸರಿ? ಕ್ವೆಶ್ಚನ್ ಬ್ಯಾಂಕಿನ ಕೊನೆಯಲ್ಲಿ ಉತ್ತರ ಕೊಟ್ಟಿಲ್ಲ.

ಮತ್ತೆ, ಮೈನಸ್ ಸಂಖ್ಯೆ ಬರೆಯುವ ಟೂಸ್ ಕಾಂಪ್ಲಿಮೆಂಟ್‌ನಲ್ಲಿ ಎಲ್ಲಾ ಬಿಟ್ ತಿರುಗಿಸಿ ಒಂದು ಕೂಡಿಸಬೇಕು ಅಂತಾರೆ. ಆ ಒಂದು ಯಾಕೆ? ಇದಕ್ಕೆ ಉತ್ತರ ಗೊತ್ತಾಗದೆ ಸುಮ್ನೆ ಬಾಯಿಪಾಠ ಮಾಡೋಕೆ ಮನಸ್ಸು ಬರುತ್ತಿಲ್ಲ.

ಇದ್ದ ಪ್ರಶ್ನೆಗಳೆಲ್ಲ ಮುಗಿದವು. ಉತ್ತರ ಸಮೇತ ಇನ್ನಷ್ಟು ಲೆಕ್ಕ ಎಲ್ಲಿ ಸಿಗುತ್ತವೆ? ದಯವಿಟ್ಟು ಹೇಳಿ.

ಸಕಲೇಶಪುರ ಸೆಕೆಂಡ್ ಪಿಯು:

3612 ಸರಿ. ಗುಂಪು ಮಾಡೋದು ಯಾವಾಗಲೂ ಬಲಗಡೆಯಿಂದ. ಎಡಗಡೆ ಬಿಟ್ ಕಡಿಮೆ ಬಿದ್ದರೆ ಸೊನ್ನೆ ಹಾಕಿಕೊಳ್ಳಿ.

ಪರೀಕ್ಷೆ ಹಾಲ್‌ನಲ್ಲಿ ಕೂತ ತಕ್ಷಣ ಹಿಂದಿನ ಪುಟದಲ್ಲಿ 0ಯಿಂದ 15ರವರೆಗೆ ನಾಲ್ಕು ಬಿಟ್ಟಿನ ಪಟ್ಟಿ ಬರೆದುಬಿಡಿ. ಪಕ್ಕದಲ್ಲಿ ಹೆಕ್ಸ್, ಅಂದರೆ ಬೇಸ್ 16. 10ಕ್ಕೆ ಎ, 15ಕ್ಕೆ ಎಫ್. ಆಮೇಲೆ ತಲೆ ಕೆಡಿಸಿಕೊಳ್ಳೋದೇ ಬೇಡ. ನಾನು ಹೋದ ವರ್ಷ ಹಾಗೇ ಮಾಡಿದ್ದು.

ಕಾಫಿನಾಡಿನ ಮೇಷ್ಟ್ರು:

ನೋಡಮ್ಮ, ಚಿಕ್ಕಮಗಳೂರಿನಲ್ಲಿ ಇದೇ ಪಾಠ ಮಾಡುತ್ತಿದ್ದೇನೆ. ನೀನು ಕೊನೆಗೆ ಕೇಳಿದ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ. ಉತ್ತರ ಕೊಟ್ಟಿರುವ ಪುಸ್ತಕ ಹುಡುಕಬೇಡ. ಈ ಪಾಠಕ್ಕೆ ಅದು ಬೇಕಿಲ್ಲ. ಇಲ್ಲಿ ಪ್ರತಿ ಲೆಕ್ಕವನ್ನೂ ಹಿಂದಕ್ಕೆ ತಿರುಗಿಸಿ ತಾಳೆ ನೋಡಬಹುದು. ನಿನ್ನ ಉತ್ತರ ಸರಿಯೋ ತಪ್ಪೋ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ನಿಮ್ಮಿಬ್ಬರ ಉತ್ತರವನ್ನೇ ತೆಗೆದುಕೋ. ಆಕ್ಟಲ್‌ನಲ್ಲಿ ಸ್ಥಾನಬೆಲೆ ಬಲದಿಂದ 1, 8, 64, 512. ಮೊದಲು 7422. ಎಡಗಡೆಯ 7ನ್ನು 512ರಿಂದ ಗುಣಿಸಿದರೆ 3584. ಒಂದೇ ಅಂಕಿಗೆ 1930 ದಾಟಿ ಹೋಯಿತು! ಮುಂದಿನದ್ದು ನೋಡುವುದೇ ಬೇಡ. ಈಗ 3612. 3 ಸಲ 512 ಅಂದರೆ 1536, 6 ಸಲ 64 ಅಂದರೆ 384, ಆಮೇಲೆ 8, ಆಮೇಲೆ 2. ಕೂಡಿಸು: 1930. ಅರ್ಧ ನಿಮಿಷದ ಕೆಲಸ.

ಬಲಗಡೆಯಿಂದಲೇ ಯಾಕೆ ಎಂದರೆ, ಬಿಡಿಸ್ಥಾನ ಇರುವುದು ಅಲ್ಲಿ. ಬಲತುದಿಯ ಮೂರು ಬಿಟ್‌ಗಳ ಬೆಲೆ 4, 2, 1. ಅದರ ಪಕ್ಕದ ಮೂರರದ್ದು 32, 16, 8, ಅಂದರೆ ಅವೇ ಎಂಟು ಪಟ್ಟು. ಹಾಗಾಗಿ ಒಂದೊಂದು ಗುಂಪೂ ಒಂದೊಂದು ಆಕ್ಟಲ್ ಅಂಕಿ. ಎಡದಿಂದ ಶುರು ಮಾಡಿದರೆ ಈ ಜೋಡಣೆಯೇ ಮುರಿಯುತ್ತದೆ. ನಿನ್ನ ಸಂಖ್ಯೆಯಲ್ಲಿ 11 ಬಿಟ್ ಇವೆ, ಆದ್ದರಿಂದ ವ್ಯತ್ಯಾಸ ಕಂಡಿತು. 12 ಬಿಟ್ ಇದ್ದಿದ್ದರೆ ಎರಡೂ ಕಡೆಯಿಂದ ಒಂದೇ ಉತ್ತರ ಬಂದು, ತಪ್ಪು ದಾರಿ ಹಾಗೇ ಅಭ್ಯಾಸವಾಗಿಬಿಡುತ್ತಿತ್ತು. ಪಾಯಿಂಟ್ ಇದ್ದರೆ ಮಾತ್ರ ಅದರ ಆಚೆಗಿನ ಭಾಗವನ್ನು ಪಾಯಿಂಟ್‌ನಿಂದ ಬಲಕ್ಕೆ ಗುಂಪು ಮಾಡಿ, ಸೊನ್ನೆಯನ್ನು ಬಲತುದಿಗೆ ಹಾಕಬೇಕು.

ಈಗ ಆ ಒಂದರ ವಿಷಯ. ಹಳೇ ಸ್ಕೂಟರಿನ ಕಿಲೋಮೀಟರ್ ಮೀಟರ್ ನೋಡಿದ್ದೀಯಲ್ಲ? 99999 ಆದ ಮೇಲೆ ಇನ್ನೊಂದು ಕಿಲೋಮೀಟರ್ ಓಡಿದರೆ ಎಲ್ಲಾ ಸೊನ್ನೆ. ಎಂಟು ಬಿಟ್ಟಿನಲ್ಲಿ ಆಗುವುದೂ ಅದೇ. 57ನ್ನು ಬರೆ: 00111001. ತಿರುಗಿಸು: 11000110. ಇವೆರಡನ್ನೂ ಕೂಡಿಸು. ಒಂದರಲ್ಲಿ ಸೊನ್ನೆ ಇರುವ ಕಡೆ ಇನ್ನೊಂದರಲ್ಲಿ ಒಂದು ಇದೆ, ಹಾಗಾಗಿ ಬರುವುದು 11111111. ನಮಗೆ ಬೇಕಾದದ್ದು ಸೊನ್ನೆ, ಯಾಕೆಂದರೆ 57ಕ್ಕೆ ಮೈನಸ್ 57 ಸೇರಿದರೆ ಸೊನ್ನೆಯೇ ಬರಬೇಕು. ಸೊನ್ನೆಗೆ ಇನ್ನೊಂದೇ ಹೆಜ್ಜೆ ಬಾಕಿ. ಆ ಹೆಜ್ಜೆಯೇ ನೀನು ಕೂಡಿಸುವ ಒಂದು! ಆಗ 11000111 ಆಗುತ್ತದೆ. ಅದಕ್ಕೆ 57 ಸೇರಿಸಿದರೆ ಒಂಬತ್ತನೇ ಬಿಟ್ ಹೊರಗೆ ಬಿದ್ದು ಒಳಗೆ ಎಂಟೂ ಸೊನ್ನೆ. ತಾಳೆ ನೋಡುವುದೂ ಹೀಗೇ.

ಇನ್ನು ಅಭ್ಯಾಸಕ್ಕೆ ಸಂಖ್ಯೆಗಳು. ನೀನು ಕೊಟ್ಟಿರುವ 1930 ನಮ್ಮ ಮುಳ್ಳಯ್ಯನಗಿರಿಯ ಎತ್ತರ, ಮೀಟರ್‌ನಲ್ಲಿ. 57 ಎಲ್ಲಿಯದು ಅಂತ ಹಾಸನದವಳಿಗೆ ಹೇಳಬೇಕಾ? ಶ್ರವಣಬೆಳಗೊಳದ ಗೊಮ್ಮಟನ ಎತ್ತರ, ಅಡಿಗಳಲ್ಲಿ. ಬೇಲೂರಿನ ದೇವಸ್ಥಾನದ 1117ನೇ ಇಸವಿ ಇದೆ. ಮಳೆಗಾಲದಲ್ಲಿ ಗೊರೂರು ಡ್ಯಾಮಿನ ನೀರಿನ ಮಟ್ಟ ಪೇಪರಿನಲ್ಲಿ ಬರುತ್ತದೆ, ಗರಿಷ್ಠ 2922 ಅಡಿ. ಬಸ್ಸಿನಲ್ಲಿ ಕೂತರೆ ಎದುರಿಗೆ ಬರುವ ಗಾಡಿಗಳ ನಂಬರ್: ಕೆಎ 13, ಕೆಎ 18, ಕೆಎ 46. ಸಣ್ಣವನ್ನು ಮನಸ್ಸಿನಲ್ಲೇ ಮಾಡು, ದೊಡ್ಡವನ್ನು ಮನೆಗೆ ಬಂದು ಕಾಗದದ ಮೇಲೆ ಮಾಡು. ಕ್ಯಾಲ್ಕುಲೇಟರ್ ಮುಟ್ಟಬೇಡ.

ದೊಡ್ಡ ಸಂಖ್ಯೆಗೆ ಎರಡರಿಂದ ಭಾಗಿಸುತ್ತಾ ಹೋಗುವುದಕ್ಕಿಂತ ಕಳೆಯುವ ದಾರಿ ನನಗೆ ಇಷ್ಟ. ಮೇಲೆ 2048, 1024, 512 ಎಂದು 1ರವರೆಗೆ ಸಾಲು ಬರೆದುಕೋ. ಕಳೆಯಲು ಆದರೆ ಕೆಳಗೆ 1, ಆಗದಿದ್ದರೆ 0. ಆದರೆ ಪ್ರಶ್ನೆಯಲ್ಲಿ ಭಾಗಾಕಾರದ ವಿಧಾನ ಎಂದೇ ಕೇಳಿದ್ದರೆ ಅದನ್ನೇ ತೋರಿಸು, ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ ಬರೆ.

ಹಾಸನ ಡಿಟಿಪಿ:

ಮೇಷ್ಟ್ರು ಲೆಕ್ಕ ಚೆನ್ನಾಗಿ ಹೇಳಿದರು. ತಂಗಿ, ಅದೇ ಪಾಠದಲ್ಲಿ ಅಕ್ಷರಗಳಿಗೆ ನಂಬರ್ ಕೊಡುವ ಆಸ್ಕಿ, ಇಸ್ಕಿ, ಯೂನಿಕೋಡ್ ಕೂಡ ಬರುತ್ತವೆ. ಅದನ್ನು ಎರಡು ಮಾರ್ಕ್ಸಿನ ಪ್ರಶ್ನೆ ಅಂತ ಬಿಡಬೇಡ. ನನ್ನ ಅಂಗಡಿಯಲ್ಲಿ ದಿನವೂ ಅದೇ ಕೆಲಸ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಕಾಣಲ್ಲ, ಇಂಗ್ಲಿಷ್ ಅಕ್ಷರ, ತಲೆಮೇಲೆ ಗೀಟು ಚುಕ್ಕಿ, ಅಷ್ಟೇ. ಒಳಗೆ ಇರುವ ಕೋಡ್ ಇಂಗ್ಲಿಷಿನದ್ದು, ಮೇಲೆ ಕಾಣುವ ಚಿತ್ರ ಮಾತ್ರ ಕನ್ನಡದ್ದು. ಯೂನಿಕೋಡಿನಲ್ಲಿ ಹಾಗಲ್ಲ. ನಮ್ಮ ಅಕ್ಷರಗಳಿಗೆ ಹೆಕ್ಸ್‌ನಲ್ಲಿ 0ಸಿ80ಯಿಂದ 0ಸಿಎಫ್‌ಎಫ್‌ವರೆಗೆ ಸ್ವಂತ ಜಾಗ ಇದೆ. ಕ ಅಕ್ಷರದ್ದು 0ಸಿ95.

ಒಂದು ಲೆಕ್ಕ ಮಾಡಿ ನೋಡು. ಹಾಸನ ಎಂದು ಬರೆದರೆ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿಗೆ ನಾಲ್ಕು ಕೋಡ್: ಹ, ದೀರ್ಘದ ಗುರುತು, ಸ, ನ. ಯೂನಿಕೋಡನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್ (ಒಂದು ಬೈಟ್ ಅಂದರೆ 8 ಬಿಟ್), ಒಟ್ಟು 12. ಇಂಗ್ಲಿಷಿನಲ್ಲಿ ಊರ ಹೆಸರು ಬರೆದರೆ 6 ಬೈಟ್. ಮೊಬೈಲ್ ಮೆಸೇಜ್ ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70ಕ್ಕೇ ಮುಗಿಯುತ್ತದೆ. ಇರುವ ಜಾಗ 140 ಬೈಟ್. ಇಂಗ್ಲಿಷಿಗೆ ಅಕ್ಷರಕ್ಕೆ 7 ಬಿಟ್, ಕನ್ನಡಕ್ಕೆ 16.

ಆಲೂರು ಹುಡುಗಿ:

ಸರ್, ಅಣ್ಣ, ತುಂಬಾ ಥ್ಯಾಂಕ್ಸ್. ಒಂದು ಯಾಕೆ ಅಂತ ಈಗ ಗೊತ್ತಾಯಿತು, ಗೆಳತಿಗೂ ಹೇಳಿಕೊಟ್ಟೆ.

2922 ಮಾಡಿದೆ: 101101101010. ಆಕ್ಟಲ್ 5552, ಹೆಕ್ಸ್ ಬಿ6ಎ. ತಾಳೆ ನೋಡಿದೆ, ಎರಡೂ 2922ಕ್ಕೇ ಬಂದವು. ಮೈನಸ್ 46 ಎಂಟು ಬಿಟ್ಟಿನಲ್ಲಿ 11010010. 46 ಕೂಡಿಸಿದರೆ ಎಲ್ಲಾ ಸೊನ್ನೆ.

ಚಿಕ್ಕಮಗಳೂರು ಅನ್ನೋದಕ್ಕೆ 11 ಕೋಡ್, 33 ಬೈಟ್. ಸರಿನಾ ಅಣ್ಣ?

ಸರ್, ಇನ್ನೊಂದು. ನೀರಿನ ಮಟ್ಟದಲ್ಲಿ ಪಾಯಿಂಟ್ ಬಂದರೆ ಹೇಗೆ ಅಂತ 0.5 ಮಾಡಿದೆ, ಬೈನರಿಯಲ್ಲಿ 0.1 ಬಂತು. 0.625ಕ್ಕೆ 0.101. ಆದರೆ ನಮ್ಮ ಮಾಮೂಲಿ 0.1 ಅನ್ನು ಬೈನರಿಗೆ ತರಲು ಹೋದರೆ ಮುಗಿಯುತ್ತಲೇ ಇಲ್ಲ.

ಹಾಸನ ಡಿಟಿಪಿ:

33 ಸರಿ ತಂಗಿ. ಒತ್ತಕ್ಷರದ ನಡುವಿನ ಹಲಂತವನ್ನೂ (ಅರ್ಧಾಕ್ಷರದ ಗುರುತು) ಲೆಕ್ಕಕ್ಕೆ ಹಿಡಿದಿದ್ದೀಯ, ಅದನ್ನೇ ಜಾಸ್ತಿ ಜನ ಬಿಡೋದು.

ಕಾಫಿನಾಡಿನ ಮೇಷ್ಟ್ರು:

ಎಲ್ಲವೂ ಸರಿ. ಪ್ರತಿ ಸಂಖ್ಯೆಯ ಕೆಳಗೆ 2, 8, 16 ಎಂದು ಬೇಸ್ ಬರೆಯುವುದನ್ನು ಮಾತ್ರ ಬಿಡಬೇಡ. ಅದಿಲ್ಲದೆ 5552 ಎಂದು ಬರೆದರೆ ಓದುವವರಿಗೆ ಅದು ಐದೂವರೆ ಸಾವಿರವೇ.

0.1 ಮುಗಿಯುವುದೇ ಇಲ್ಲ, ನಿನ್ನ ಲೆಕ್ಕ ಸರಿಯಾಗಿಯೇ ಇದೆ. ಎರಡರಿಂದ ಗುಣಿಸುತ್ತಾ ಹೋಗು: 0.2, 0.4, 0.8, 1.6, ಆಮೇಲೆ 1.2. ಅಲ್ಲಿಂದ ಮತ್ತೆ 0.4ಕ್ಕೆ ಬಂದೆ. ಅದೇ ಸುತ್ತು. ಮೊದಲ ಸೊನ್ನೆ ಬಿಟ್ಟರೆ 0011 ತಿರುಗಿ ತಿರುಗಿ ಬರುತ್ತದೆ. 0.5, 0.625 ಮುಗಿಯುವುದು ಅವು ಅರ್ಧ, ಕಾಲು, ಅರೆಕಾಲುಗಳು ಸೇರಿ ಆದವು ಎಂಬ ಕಾರಣಕ್ಕೆ. ಹತ್ತನೇ ಒಂದು ಭಾಗ ಹಾಗೆ ಒಡೆಯುವುದಿಲ್ಲ. ಪ್ರಶ್ನೆಯಲ್ಲಿ ಇಷ್ಟು ಸ್ಥಾನ ಎಂದು ಕೊಟ್ಟಿದ್ದರೆ ಅಷ್ಟಕ್ಕೆ ನಿಲ್ಲಿಸು. ಕೊಡದಿದ್ದರೆ ಒಂದು ಪೂರ್ತಿ ಸುತ್ತು ತೋರಿಸಿ, ಮುಂದೆ ಇದೇ ಮರುಕಳಿಸುತ್ತದೆ ಎಂದು ಬರೆ.